ಬಂಡೆ ಎಂಬ ಉಡದ ಪ್ರಕರಣ

“ಇದು ನನ್ನ ಬಂಡೆ ಅಲ್ಲ ಮೇಡಂ. ಹೆಸರು ಅದೇ, ಲೆವೆಲ್ಲು ಅದೇ, ಮಾರಿನೂ ಅದೇ. ಆದ್ರೆ ಇದು ನನ್ನ ಬಂಡೆ ಅಲ್ಲ.”

ಶಿವಗಂಗಾ ಎಂಬ ಆ ಕಾಲೇಜು ಹುಡುಗಿ ಅಂಗೈಯಗಲದ ವಿಡಿಯೋ ಗೇಮ್ ಸೆಟ್ಟೊಂದನ್ನು ಶೋಭಾರಾಣಿಯ ಮೇಜಿನ ಮೇಲಿಟ್ಟು ಹೀಗೆ ಹೇಳಿದಾಗ ಮುರುಗಪ್ಪ ಮೇಷ್ಟ್ರಿಗೆ ನಗು ಬಂತು. ಹುಡುಗಿಯ ಮುಖ ನೋಡಿದ ಮೇಲೆ ಆ ನಗು ಗಂಟಲಲ್ಲೇ ಉಳಿಯಿತು. ಅವಳು ಚೆನ್ನಾಗಿ ಅತ್ತು, ಮುಖ ತೊಳೆದುಕೊಂಡು, ಸಿಟ್ಟನ್ನು ಜೊತೆಗಿಟ್ಟುಕೊಂಡೇ ಬಂದಿದ್ದಳು.

ಅದು 2003ರ ಬೇಸಿಗೆ. ಚಿತ್ರದುರ್ಗದ ಸಂತೆಪೇಟೆಯ ಬಳಿ ಕೆಳಗೆ ಮುರುಗಪ್ಪನವರ ಬೆರಳಚ್ಚು ಶಾಲೆ, ಮೇಲೆ ಶೋಭಾರಾಣಿಯ ಪತ್ತೇದಾರಿ ಕಚೇರಿ. ಅವಳು ಮೊದಲು ವಿಮಾ ಕಂಪನಿಯೊಂದರಲ್ಲಿ ಜಾನುವಾರು ವಿಮೆಯ ತನಿಖಾಧಿಕಾರಿ. ಸತ್ತ ಎಮ್ಮೆಯ ಕಿವಿಬಿಲ್ಲೆಯನ್ನು ಇನ್ನೊಂದರ ಕಿವಿಗೆ ಚುಚ್ಚಿ ಪರಿಹಾರ ಕೇಳುವವರನ್ನು ಹೊಳಲ್ಕೆರೆಯಿಂದ ಹಿರಿಯೂರಿನವರೆಗೆ ಹಿಡಿದು ಹೆಸರು ಮಾಡಿದವಳು. ಅದಕ್ಕೂ ಮೊದಲು, ಹದಿನೈದರ ಹುಡುಗಿಯಾಗಿದ್ದಾಗ, ಮುರುಗಪ್ಪನವರ ಬಳಿಯೇ ಬೆರಳಚ್ಚು ಕಲಿತಿದ್ದಳು. ಈ ಕೊನೆಯ ಸಂಗತಿಯನ್ನು ಪತ್ರಿಕೆಗಳು ಯಾವತ್ತೂ ಬರೆಯುತ್ತಿರಲಿಲ್ಲ. ಬರೆದರೆ ‘ಸಹಾಯಕ ಮುರುಗಪ್ಪ’ ಎಂದಷ್ಟೇ ಬರೆಯುತ್ತಿದ್ದವು.

“ಮೊದ್ಲಿಂದ ಹೇಳಮ್ಮ. ಮೇಷ್ಟ್ರಿಗೂ ತಿಳಿಯೋ ಹಂಗೆ ಹೇಳು,” ಎಂದಳು ಶೋಭಾರಾಣಿ.

‘ಮೇಷ್ಟ್ರಿಗೂ’ ಎಂಬ ಮಾತು ಮುರುಗಪ್ಪನವರಿಗೆ ಚುಚ್ಚಿತು. ಆದರೆ ಅವರಿಗೆ ತಿಳಿಯುತ್ತಿರಲಿಲ್ಲ ಎಂಬುದೂ ನಿಜ.

ಶಿವಗಂಗಾ ಹೇಳಿದಳು. ಊರಿನವರು ಅದನ್ನು ‘ಜೀವಿ ಆಟ’ ಅನ್ನುತ್ತಿದ್ದರು. ಸೆಟ್ಟಿಗೆ ಒಂದು ಪುಟ್ಟ ಕ್ಯಾಸೆಟ್ ಸಿಕ್ಕಿಸಿದರೆ ಅದರೊಳಗೊಂದು ಲೋಕ. ಅಲ್ಲಿ ವಿಚಿತ್ರ ಜೀವಿಗಳನ್ನು ಹಿಡಿಯಬೇಕು, ಸಾಕಬೇಕು, ಕಾಳಗಕ್ಕೆ ತಯಾರು ಮಾಡಬೇಕು. ಎರಡು ಸೆಟ್ಟುಗಳ ನಡುವೆ ವೈರು ಹಾಕಿದರೆ ಇಬ್ಬರ ಜೀವಿಗಳು, ಆರಾರರ ತಂಡವಾಗಿ, ಹೋರಾಡುತ್ತವೆ. ಅದೇ ವೈರಿನಲ್ಲಿ ಜೀವಿಗಳನ್ನು ಅದಲುಬದಲು ಮಾಡಿಕೊಳ್ಳಲೂ ಬರುತ್ತದೆ. ಒಂದು ಹೋದರೆ ಮಾತ್ರ ಒಂದು ಬರುತ್ತದೆ. ನಕಲು ಮಾಡಲು ಬರುವುದಿಲ್ಲ.

“ಬಂಡೆ ಅಂದ್ರೆ ನನ್ನ ಉಡ. ನಿಜವಾದ ಉಡ ಅಲ್ಲ, ಆಟದಾಗಿಂದು. ಎಲ್ರೂ ಉಡನ ಗಟ್ಟಿ ಮಾಡೋಕೆ ಚಂದ್ರವಳ್ಳಿಗೆ ಕರ್ಕೊಂಡು ಹೋಗ್ತಾರೆ. ನಾನು ದಿನಾ ಜೋಗಿಮಟ್ಟಿಗೆ ಕರ್ಕೊಂಡು ಹೋದೆ.”

“ಅಷ್ಟು ದೂರ ದಿನಾ ಒಬ್ಬಳೇ ಹೋಗ್ತಿದ್ಯೇನಮ್ಮ?” ಎಂದರು ಮುರುಗಪ್ಪ ಗಾಬರಿಯಿಂದ.

ಹುಡುಗಿ ಮೊದಲ ಬಾರಿಗೆ ನಕ್ಕಳು. “ಆಟದೊಳಗಿನ ಜೋಗಿಮಟ್ಟಿ ಸಾರ್. ಗಾಳಿಗುಡ್ಡಕ್ಕೆ ನಾವು ಹಂಗಂತೀವಿ. ಗವಿಗೆ ಚಂದ್ರವಳ್ಳಿ ಅಂತೀವಿ.”

ಮುಂದಿನದು ಮುಖ್ಯವಾಗಿತ್ತು. ಜೀವಿ ಯಾವುದರ ಜೊತೆ ಹೋರಾಡಿ ಬೆಳೆಯುತ್ತದೋ ಅದರ ಮೈ ಹಾಗೆ ಆಗುತ್ತದೆ. ಗವಿಯ ಚಿಪ್ಪುಪ್ರಾಣಿಗಳ ಜೊತೆ ಕಾದಾಡಿದರೆ ಗಟ್ಟಿತನ ಹೆಚ್ಚುತ್ತದೆ, ಗಾಳಿಗುಡ್ಡದ ಹಕ್ಕಿಗಳ ಜೊತೆ ಕಾದಾಡಿದರೆ ವೇಗ. ಬೆಲ್ಲದುಂಡೆ ಎಂದು ಇವರು ಕರೆಯುವ ತಿನಿಸೂ ಒಂದಿದೆ. ತಿನ್ನಿಸಿದರೆ ಹೋರಾಟವಿಲ್ಲದೆಯೇ ಲೆವೆಲ್ ಏರುತ್ತದೆ, ಆದರೆ ಮೈಗೆ ವಿಶೇಷವೇನೂ ಹತ್ತುವುದಿಲ್ಲ. ಅದು ಒಂದೊಂದು ಕ್ಯಾಸೆಟ್ಟಿನಲ್ಲಿ ಸಿಗುವುದೇ ಬೆರಳೆಣಿಕೆಯಷ್ಟು. ವೇಗ ಹೆಚ್ಚಿದ್ದ ಜೀವಿಗೆ ಮೊದಲ ಏಟು. ನಿಧಾನಕ್ಕೆ ಹೆಸರಾದ ಉಡವನ್ನು ಓಡುವ ಹಾಗೆ ಬೆಳೆಸಿದ್ದು ಶಿವಗಂಗಾ ಒಬ್ಬಳೇ. ಆ ಒಂದು ಆಯ್ಕೆಯಿಂದಲೇ ಅವಳು ಕಳೆದ ವರ್ಷ ಜಿಲ್ಲೆಯನ್ನು ಗೆದ್ದದ್ದು.

“ನನ್ನ ಬಂಡೆಯ ವೇಗ ನೂರಹನ್ನೆರಡು. ಶುಕ್ರವಾರ ಮಧ್ಯಾಹ್ನ ಮನೇಲಿ ನೋಡಿದ್ದೆ. ಶನಿವಾರ ಹೊಳಲ್ಕೆರೆಯವರ ಜೊತೆ ಸೆಮಿಫೈನಲ್. ಬಂಡೆ ಮೊದಲೇಟು ಹೊಡೀಲೇ ಇಲ್ಲ, ಬಿದ್ದೇ ಹೋಯ್ತು. ಮಿಕ್ಕಿದ್ದು ಸೇರಿ ಹೆಂಗೋ ಗೆದ್ದೆ. ಆಮೇಲೆ ತೆಗೆದು ನೋಡ್ತೀನಿ, ವೇಗ ಎಪ್ಪತ್ತೊಂದು!”

“ಯಾರಿಗೂ ಹೇಳ್ಲಿಲ್ವಾ?”

“ಹೇಳ್ದೆ. ಏಟು ಬಿದ್ಮೇಲೆ ಎಲ್ರೂ ಹಂಗೇ ಅಂತಾರೆ ಅಂತ ನಕ್ರು.” ಅವಳ ದನಿ ಇಳಿಯಿತು. “ಬರೋ ಭಾನುವಾರ ಫೈನಲ್. ಅದಲ್ಲ ಮೇಡಂ ಹೆದರಿಕೆ. ತಗೊಂಡವರ ಕ್ಯಾಸೆಟ್ಟಲ್ಲಿ ನನ್ನ ಬಂಡೆ ಐತೆ. ‘ಬಿಟ್ಟುಬಿಡು’ ಅಂತ ಒಂದು ಗುಂಡಿ ಒತ್ತಿದ್ರೆ ಮುಗೀತು. ಮತ್ತೆ ಯಾರು ಏನ್ ಮಾಡಿದ್ರೂ ಬರಲ್ಲ. ಎರಡು ವರ್ಷ ಸಾಕಿದ್ದು.”

ಶೋಭಾರಾಣಿ ಸೆಟ್ಟನ್ನು ಎತ್ತಿಕೊಂಡು ಆ ಉಡದ ಅಂಕಿಗಳ ಪುಟವನ್ನು ಬಹಳ ಹೊತ್ತು ನೋಡಿದಳು. ವೇಗ, ಗಟ್ಟಿತನ, ಬಲ, ಉಸಿರು. ಒಂದರಲ್ಲೂ ಏರಿಳಿತವಿಲ್ಲ. ಎಲ್ಲವೂ ಚಪ್ಪಟೆ.

“ಒಂದ್ಸಲ ಬಂದ ಅಂಕಿ ಇಳಿಯೋದುಂಟಾ?”

“ಇಲ್ಲವೇ ಇಲ್ಲ.”

“ಹಂಗಾದ್ರೆ ನೀನು ಹೇಳ್ತಿರೋದು ಸರಿ. ಕಿವಿಬಿಲ್ಲೆ ನಿನ್ನದು, ಎಮ್ಮೆ ಬೇರೆಯದು,” ಎಂದು ಶೋಭಾರಾಣಿ ಎದ್ದಳು. “ಮೇಷ್ಟ್ರೇ, ಚಪ್ಪಲಿ ಹಾಕ್ಕೊಳ್ರಿ. ಹೋಗಾಣ.”

*

ಲಕ್ಷ್ಮೀಕಾಂತನ ಗೇಮ್ ಪಾರ್ಲರ್ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿತ್ತು. ಜಿಲ್ಲೆಯ ಪಂದ್ಯ ನಡೆಸುವವನು ಅವನೇ. ಮೂವತ್ತೈದರ ಆಸುಪಾಸಿನ, ಅಚ್ಚುಕಟ್ಟಾದ ಮನುಷ್ಯ. ಒಂದು ಕಾಲಕ್ಕೆ ತಾನೇ ಜಿಲ್ಲೆಯ ಮೊದಲಿಗ. ಶಿವಗಂಗಾ ಸೆಟ್ ಹಿಡಿಯಲು ಕಲಿತದ್ದು ಅವನ ಬೆಂಚಿನ ಮೇಲೆ.

ಗೋಡೆಯ ತುಂಬ ಮೊಳೆಗಳು. ಮೊಳೆಗೊಂದು ಬಾಡಿಗೆ ಕ್ಯಾಸೆಟ್, ಕ್ಯಾಸೆಟ್ಟಿಗೊಂದು ಹೆಸರಿನ ಚೀಟಿ. ಒಬ್ಬ ಗಿರಾಕಿ ಆಡಿ ಉಳಿಸಿದ ಆಟವನ್ನು ಇನ್ನೊಬ್ಬ ಮುಟ್ಟುವಂತಿಲ್ಲ, ಅಳಿಸುವಂತಿಲ್ಲ ಎಂಬುದು ಆ ಅಂಗಡಿಯ ಕಟ್ಟುನಿಟ್ಟು. ಊರಿನ ಬೇರೆ ಪಾರ್ಲರುಗಳಲ್ಲಿ ಇಲ್ಲದ ಈ ಪದ್ಧತಿಯಿಂದಲೇ ಅವನಿಗೆ ಮರ್ಯಾದೆ. ಎದುರಿಗೆ ಗಾಜಿನ ಕಪಾಟು. ಅದರಲ್ಲಿ ಪ್ರದರ್ಶನಕ್ಕಿಟ್ಟ ಸೆಟ್ಟಿಗೆ ‘ಕೆಟ್ಟಿದೆ, ಮುಟ್ಟಬೇಡಿ’ ಎಂಬ ಚೀಟಿ ಅಂಟಿತ್ತು. ಅದರ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ದೀಪ ಉರಿಯುತ್ತಿತ್ತು. ಪಕ್ಕದ ಗೋಡೆಯಲ್ಲಿ ಚೌಕಟ್ಟು ಹಾಕಿಸಿದ ಪತ್ರಿಕೆಯ ತುಣುಕು: ಕಪ್ ಹಿಡಿದ ಶಿವಗಂಗಾ. ಮುರುಗಪ್ಪನವರು ಕನ್ನಡಕ ಸರಿಮಾಡಿಕೊಂಡು ಅದನ್ನು ಪೂರ್ತಿ ಓದಿದರು. ‘ಯಾರ ನೆರವೂ ಇಲ್ಲದೆ ಸ್ವಂತವಾಗಿ ಕಲಿತೆ’ ಎಂದು ಅವಳು ಹೇಳಿದ್ದಳು.

“ಬರ್ರಿ ಮೇಡಂ, ಕುಂತ್ಕಳ್ರಿ. ಪಾಪ, ಶಿವಿ ತುಂಬ ಮನಸ್ಸಿಗೆ ಹಚ್ಕೊಂಡವಳೆ,” ಎಂದ ಲಕ್ಷ್ಮೀಕಾಂತ. “ಅದಲುಬದಲಾಗೋಕೆ ಹೆಂಗ್ ಸಾಧ್ಯ? ಶುಕ್ರವಾರ ಸಂಜೆ ಎಲ್ಲರ ಕ್ಯಾಸೆಟ್ ಇಲ್ಲೇ ತಗೊಂಡ್ವಿ. ಲೆವೆಲ್ ಐವತ್ತು ದಾಟಿದ ಜೀವಿ ಪಂದ್ಯಕ್ಕೆ ಬರಂಗಿಲ್ಲ, ಅದು ಕಾನೂನು. ನೋಡಿ, ಸ್ಟೀಲ್ ಡಬ್ಬಿಗೆ ಹಾಕಿ, ಮುಚ್ಚಳಕ್ಕೆ ಕಾಗದ ಅಂಟ್ಸಿ, ಎಲ್ಲರ ಸಹಿ ಹಾಕ್ಸಿದೆ. ಶನಿವಾರ ಅವರ ಮುಂದೇನೆ ಒಡೆದದ್ದು. ಕಾಗದ ಹಂಗೇ ಇತ್ತು.”

ಜೊತೆಗೆ ಬಂದಿದ್ದ ಶಿವಗಂಗಾ ಹೌದೆಂದಳು. ಡಬ್ಬಿಯಿಂದ ಬಂದ ಕ್ಯಾಸೆಟ್ ನೇರ ಅವಳ ಕೈಗೇ ಬಂದಿತ್ತು.

“ಡಬ್ಬಿ ಮುಚ್ಚೋಕೆ ಮುಂಚೆ ಇವಳ ಕ್ಯಾಸೆಟ್ ಯಾರ್ಯಾರ ಕೈಲಿತ್ತು?”

“ಇವಳ ಗೆಳತಿ ಹೇಮಾವತಿ ಎಲ್ಲರದೂ ಕಲೆಹಾಕಿದ್ಲು. ಹೊಸದುರ್ಗದ ಪ್ರಸನ್ನಕುಮಾರ ‘ಬಂಡೇನ ಒಂದ್ಸಲ ನೋಡ್ತೀನಿ’ ಅಂತ ಇಸ್ಕೊಂಡು ಮೂಲೇಲಿ ಕೂತಿದ್ದ. ಆಮೇಲೆ ನಾನು ಲೆವೆಲ್ ನೋಡ್ದೆ. ಅಷ್ಟೇ.”

“ನಿಮಗೆ ಯಾರ ಮೇಲಾದ್ರೂ ಅನುಮಾನ?”

“ಹೊಟ್ಟೆಕಿಚ್ಚು ಇರೋರು ಇರ್ತಾರೆ ಮೇಡಂ. ನಾನಂತೂ ಆಟ ಬಿಟ್ಟು ಕಾಲ ಆಯ್ತು. ನನ್ನ ಕ್ಯಾಸೆಟ್ ಕೂಡ ಮಾರಿಬಿಟ್ಟೆ. ಇವಳು ಗೆದ್ರೆ ನನ್ನ ಅಂಗಡಿಗೇ ಹೆಸರು.”

ಅಷ್ಟರಲ್ಲಿ ಖಾಕಿ ಬಟ್ಟೆಯ ಗೊಲ್ಲಪ್ಪ ಒಳಗೆ ನುಗ್ಗಿದ. ಹಿರಿಯೂರು ಬಸ್ಸಿನ ಕಂಡಕ್ಟರ್. ಬಸ್ ನಿಂತಾಗೆಲ್ಲ ಬಾಡಿಗೆ ಸೆಟ್ ಹಿಡಿಯುವ ಹವ್ಯಾಸ ಅವನದು.

“ಏನಪ್ಪ ಲಕ್ಷ್ಮೀಕಾಂತ, ನನ್ನ ಆಟದಾಗೆ ಬೆಲ್ಲದುಂಡೆನೇ ಇಲ್ವಲ್ಲೋ! ಮೊಮ್ಮಕ್ಕಳಿಗೆ ಇಡೋ ಹಂಗೆ ಕೂಡಿಟ್ಟಿದ್ದೆ.”

“ನೀವೇ ತಿನ್ಸಿರ್ತೀರ ಗೊಲ್ಲಪ್ಪ.”

“ತಿನ್ನಿಸಿದ್ರೆ ಲೆವೆಲ್ ಏರಬೇಕಿತ್ತಲ್ಲ? ನನ್ನ ಕೋಳಿಮರಿ ಇನ್ನೂ ಕೋಳಿಮರಿನೇ ಐತೆ!”

ಎಲ್ಲರೂ ನಕ್ಕರು. ಶೋಭಾರಾಣಿ ಮಾತ್ರ ಗೊಲ್ಲಪ್ಪನನ್ನು ಹೊರಗೆ ಕರೆದುಕೊಂಡು ಹೋಗಿ ಚಹಾ ಕುಡಿಸಿದಳು.

*

ಹೇಮಾವತಿ ಹಿರಿಯೂರಿನವಳು. ಕಾಲೇಜು ಹಾಸ್ಟೆಲಿನಲ್ಲಿದ್ದಳು. ಶಿವಗಂಗಾಳ ಜೀವದ ಗೆಳತಿ ಎಂದು ಊರಿಗೆ ಗೊತ್ತು. ಹಾಸ್ಟೆಲಿನ ಮುಂದಿನ ಬೇವಿನ ಕಟ್ಟೆಯ ಮೇಲೆ ಅವಳು ಶೋಭಾರಾಣಿಯ ಮುಖ ನೋಡದೆ ಮಾತಾಡಿದಳು.

“ಶಿವಿ ನನ್ನ ಮೇಲೆ ಅನುಮಾನ ಪಡ್ತಾ ಅವಳೆ, ಅಲ್ವಾ?”

“ಪಡೋಕೆ ಕಾರಣ ಐತಾ?”

“ಬಂಡೆದೂ ನಂದೂ ಒಂದೇ ಸಲದ ಮೊಟ್ಟೆ. ಎರಡು ಉಡದ ಮರಿ ಬಂದ್ವು, ಒಂದು ಅವಳಿಗೆ, ಒಂದು ನನಗೆ. ಈಗ ನಂದು ನನ್ನ ಹತ್ರ ಇಲ್ಲ.”

“ಎಲ್ಲಿ ಹೋಯ್ತು?”

“ಮರಿ ಇರೋವಾಗ್ಲೇ ಕೊಟ್ಬಿಟ್ಟೆ. ದಿನಾ ಪಕ್ಕದಾಗೆ ಕೂತು ಅವಳದು ಬೆಳೆಯೋದು ನೋಡ್ಬೇಕಿತ್ತು ಮೇಡಂ. ನಂದು ನೋಡಿದ್ರೆ ಮೈ ಉರಿಯೋದು. ಪೇಪರ್‌ನೋರು ಬಂದಾಗ ನಾನೂ ಪಕ್ಕದಲ್ಲೇ ನಿಂತಿದ್ದೆ. ಫೋಟೋದಾಗೆ ನನ್ನ ಭುಜ ಮಾತ್ರ ಬಂತು. ಹೊಟ್ಟೆಕಿಚ್ಚಾಯ್ತು. ಆಯ್ತು ಅಂತಾನೇ ಹೇಳ್ತೀನಿ. ಆದ್ರೆ ಕದಿಯೋಳಲ್ಲ ನಾನು.”

“ಯಾರಿಗೆ ಕೊಟ್ಟೆ?”

“ಲಕ್ಷ್ಮೀಕಾಂತಣ್ಣಂಗೆ. ಹೊಸ ಗಿರಾಕಿಗೆ ಯಾರಿಗಾದ್ರೂ ಕೊಡ್ತೀನಿ ಅಂದ್ರು. ಶಿವಿಗೆ ಹೇಳ್ಬೇಡಿ. ಯಾಕೆ ಕೊಟ್ಟೆ ಅಂತ ಕೇಳಿದ್ರೆ ಏನು ಹೇಳ್ಲಿ?”

ಮರುದಿನ ಶೋಭಾರಾಣಿ ಮತ್ತು ಮೇಷ್ಟ್ರು ಹೊಸದುರ್ಗದ ಬಸ್ಸು ಹಿಡಿದು ಅದರ ಹತ್ತಿರದ ಬಾಗೂರಿಗೆ ಹೋದರು. ಪ್ರಸನ್ನಕುಮಾರ ಊರ ಮುಂದಿನ ಸೈಕಲ್ ಅಂಗಡಿಯಲ್ಲೇ ಸಿಕ್ಕ. ಒಡ್ಡೊಡ್ಡಾಗಿ ಮಾತಾಡುವ, ಎತ್ತರದ ಯುವಕ. ಭಾನುವಾರದ ಫೈನಲ್ಲಿನಲ್ಲಿ ಶಿವಗಂಗಾಳ ಎದುರಾಳಿ.

“ಕದ್ದೆ ಅಂತ ಅಂದ್ಲಾ? ಕದ್ದು ನಾನೇನ್ ಮಾಡ್ಲಿ? ಆ ಬಂಡೆ ಹೋದ್ ವರ್ಷ ನನ್ನ ಉಡನ ಒಂದೇ ಏಟಿಗೆ ಮಲಗ್ಸಿತ್ತು. ನಿದ್ದೇಲೂ ಅದೇ ಬರುತ್ತೆ. ಹೊಟ್ಟೆ ಉರೀತೈತೆ, ಬರ್ಕಳ್ರಿ. ಆದ್ರೆ ಅದು ಎದುರಿಗೆ ನಿಂತಿರಬೇಕು, ನಾನು ಬೀಳಿಸ್ಬೇಕು.”

“ನಿನ್ನ ಉಡನ ಈ ಸಲ ತಂಡದಲ್ಲಿ ತಗೊಂಡಿಲ್ಲವಂತೆ.”

“ಬಂಡೆ ಮುಂದೆ ಅದು ನಿಲ್ಲಲ್ಲ, ಅದಕ್ಕೆ. ನೀರಿನ ಜೀವಿ ತಗೊಂಡೀನಿ. ನೋಡ್ರಿ ಬೇಕಾದ್ರೆ, ಇಲ್ಲೇ ಐತೆ.”

ಅವನ ಉಡ ಇತ್ತು. ಗಟ್ಟಿತನದ ಅಂಕಿ ಗೋಡೆಯಂತೆ ಎತ್ತರ, ವೇಗ ತೀರಾ ಕಡಿಮೆ. ಗವಿಯಲ್ಲಿ ಬೆಳೆದ ಪ್ರಾಣಿ. ಕ್ಯಾಸೆಟ್ಟಿನಲ್ಲಿ ಇನ್ನೊಂದು ಉಡ ಇರಲಿಲ್ಲ.

ಹಿಂತಿರುಗುವ ಬಸ್ಸಿನಲ್ಲಿ ಶೋಭಾರಾಣಿ ಕಿಟಕಿಯಾಚೆ ನೋಡುತ್ತ ಹೇಳಿದಳು: “ಯಾರು ಅಂತ ಗೊತ್ತಾಯ್ತು ಮೇಷ್ಟ್ರೇ. ಹೆಂಗೆ ಅಂತನೂ ಗೊತ್ತಾಯ್ತು. ಯಾಕೆ ಅಂತ ಮಾತ್ರ ತಿಳೀತಿಲ್ಲ. ಅವನಿಗೆ ಇದರಿಂದ ನಷ್ಟವೇ.”

“ಯಾರು?”

ಅವಳು ಹೆಸರು ಹೇಳಿದಳು. ಮುರುಗಪ್ಪನವರಿಗೆ ಆಶ್ಚರ್ಯವಾಗಲಿಲ್ಲ. ತಮಗೆ ಆಶ್ಚರ್ಯವಾಗಲಿಲ್ಲ ಎಂಬುದೇ ಅವರಿಗೆ ಆಶ್ಚರ್ಯ. ಗಾಜಿನ ಚೌಕಟ್ಟಿನ ಆ ತುಣುಕು ಕಣ್ಣ ಮುಂದೆ ಬಂತು.

“ಯಾಕೆ ಅಂತ ನನಗೆ ಗೊತ್ತು,” ಎಂದರು.

ಅವಳು ತಿರುಗಿ ನೋಡಿದಳು. ಅವರು ಹೇಳಿದರು. ಕೇಳಿ ಮುಗಿಸಿದ ಮೇಲೆ ಶೋಭಾರಾಣಿ ಎದ್ದು ಕಿಟಕಿಯ ಸೀಟನ್ನು ಅವರಿಗೆ ಬಿಟ್ಟುಕೊಟ್ಟಳು.

*

ಗುರುವಾರ ಸಂಜೆ ಪಾರ್ಲರಿನಲ್ಲೇ ಎಲ್ಲರೂ ಸೇರಿದರು. ಫೈನಲ್ಲಿನ ನಿಯಮ ಮಾತಾಡಲು ಎಂದು ಶೋಭಾರಾಣಿ ಹೇಳಿ ಕಳಿಸಿದ್ದಳು. ಶಿವಗಂಗಾ ಮತ್ತು ಹೇಮಾವತಿ ಬೆಂಚಿನ ಎರಡು ತುದಿಗೆ ಕುಳಿತರು. ಪ್ರಸನ್ನಕುಮಾರ ನಿಂತೇ ಇದ್ದ. ಗೊಲ್ಲಪ್ಪನೂ ಟಿಕೆಟ್ ಚೀಲದ ಸಮೇತ ಬಂದಿದ್ದ. ಮುರುಗಪ್ಪನವರಿಗೆ ಶೋಭಾರಾಣಿ ಒಂದೇ ಕೆಲಸ ಹೇಳಿದ್ದಳು: ಗಾಜಿನ ಕಪಾಟಿಗೆ ಕುರ್ಚಿ ಒರಗಿಸಿ ಕೂರಬೇಕು, ಏನೇ ಆದರೂ ಏಳಬಾರದು. ಕಾರಣ ಹೇಳಿರಲಿಲ್ಲ. ಅದೂ ಅವರಿಗೆ ಸ್ವಲ್ಪ ಬೇಸರವೇ.

“ಸೆಮಿಫೈನಲ್ಲಿನಲ್ಲಿ ಬಿದ್ದ ಉಡ ಬಂಡೆ ಅಲ್ಲ,” ಎಂದು ಶೋಭಾರಾಣಿ ಶುರುಮಾಡಿದಳು. “ಈ ಆಟದಲ್ಲಿ ಬಂದ ಅಂಕಿ ಇಳಿಯಲ್ಲ. ನೂರಹನ್ನೆರಡು ಇದ್ದದ್ದು ಎಪ್ಪತ್ತೊಂದು ಆಗಿದೆ ಅಂದ್ರೆ ಪ್ರಾಣಿಯೇ ಬೇರೆ. ಡಬ್ಬಿಯ ಕಾಗದ ಒಡೆದಿರಲಿಲ್ಲ. ಶುಕ್ರವಾರ ಮಧ್ಯಾಹ್ನ ಮನೆಯಲ್ಲಿ ಬಂಡೆ ಇತ್ತು. ಹಂಗಾಗಿ ಕೆಲಸ ಆಗಿದ್ದು ಇದೇ ಅಂಗಡಿಯಲ್ಲಿ, ಡಬ್ಬಿ ಮುಚ್ಚೋಕೆ ಮುಂಚೆ. ಆಗ ಕ್ಯಾಸೆಟ್ ಮೂವರ ಕೈಯಲ್ಲಿತ್ತು.”

“ಹೆಸರು ಹೇಳ್ಬಿಡ್ರಿ,” ಎಂದ ಪ್ರಸನ್ನಕುಮಾರ.

“ಅವಸರ ಬೇಡ. ಮೊದಲು ನೀನು. ನೀನು ಗವಿಯಲ್ಲೇ ಸಾಕುವವನು. ನಿನ್ನ ಕೈಯಲ್ಲಿ ಬೆಳೆದಿದ್ದರೆ ಈ ಉಡದ ಗಟ್ಟಿತನ ಎದ್ದು ಕಾಣಬೇಕಿತ್ತು. ಇದರಲ್ಲಿ ಇಲ್ಲ. ಒಂದು ಹೋದರೆ ಒಂದು ಬರಬೇಕು. ನಿನ್ನ ಹತ್ತಿರ ಬಂದಿಲ್ಲ, ನಾನು ನೋಡಿದೆ.”

“ಮತ್ತೆ ಇವಳಾ?” ಶಿವಗಂಗಾ ಗೆಳತಿಯತ್ತ ತಿರುಗಿದಳು. “ನಿನ್ನ ಮರಿ ಎಲ್ಲೇ ಹೇಮಿ?”

ಹೇಮಾವತಿ ತಲೆ ಎತ್ತಲಿಲ್ಲ. “ನಾನೇ ಹೇಳ್ತೀನಿ ಮೇಡಂ. ಕೊಟ್ಬಿಟ್ಟೆ ಕಣೆ. ನಿಂದು ಗೆಲ್ಲೋದು ನೋಡೋಕಾಗ್ಲಿಲ್ಲ. ಇದೇ ಲಕ್ಷ್ಮೀಕಾಂತಣ್ಣಂಗೆ ಕೊಟ್ಟೆ.”

ಲಕ್ಷ್ಮೀಕಾಂತ ನಕ್ಕ. “ಕೊಟ್ಟಿದ್ಲು. ಯಾವನೋ ಗಿರಾಕಿ ಇಸ್ಕೊಂಡು ಹೋದ. ಅದಕ್ಕೇನೀಗ?”

“ಆ ಮರಿ ಈಗ ಶಿವಗಂಗಾಳ ಸೆಟ್ಟಿನಲ್ಲಿದೆ. ಬಂಡೆ ಅಂತ ಹೆಸರಿಟ್ಟುಕೊಂಡು,” ಎಂದಳು ಶೋಭಾರಾಣಿ. “ಅದರ ಅಂಕಿ ನೋಡಿ. ಹಕ್ಕಿಯ ಜೊತೆ ಕಾದಿಲ್ಲ, ಚಿಪ್ಪುಪ್ರಾಣಿಯ ಜೊತೆ ಕಾದಿಲ್ಲ. ಯಾವುದರ ಜೊತೆಗೂ ಕಾದಿಲ್ಲ. ಕೊಟ್ಟಿಗೆಯಲ್ಲೇ ಕಟ್ಟಿ ಹಿಂಡಿ ಹಾಕಿ ಸಾಕಿದ ಹೋರಿ ನೋಡಲಿಕ್ಕೆ ದಪ್ಪ ಇರ್ತದೆ, ನೊಗ ಹೂಡಿದರೆ ನಾಲ್ಕು ಸಾಲಿಗೆ ಕೂತುಬಿಡ್ತದೆ. ಇದೂ ಹಂಗೇ. ಮರಿಯಿಂದ ಲೆವೆಲ್ ಐವತ್ತರವರೆಗೆ ಬರೀ ಬೆಲ್ಲದುಂಡೆಯ ಮೇಲೆ ಬೆಳೆದಿದೆ. ಅಷ್ಟು ಬೆಲ್ಲದುಂಡೆ ಒಂದು ಕ್ಯಾಸೆಟ್ಟಿನಲ್ಲಿ ಸಿಗಲ್ಲ, ಹತ್ತರಲ್ಲೂ ಸಿಗಲ್ಲ. ಒಂದು ಗೋಡೆ ತುಂಬ ಕ್ಯಾಸೆಟ್ ಬೇಕು.”

ಎಲ್ಲರ ಕಣ್ಣೂ ಮೊಳೆಗಳ ಗೋಡೆಯ ಕಡೆ ಹೋದವು. ಗೊಲ್ಲಪ್ಪ ಎದ್ದೇಬಿಟ್ಟ.

“ಲೇ! ನನ್ನ ಉಂಡೆ!”

“ಜೀವಿಗೆ ಉಂಡೆ ಕಟ್ಟಿ ವೈರಿನಲ್ಲಿ ಕಳಿಸಬಹುದು, ಅಲ್ವಾ? ಗೊಲ್ಲಪ್ಪನವರ ಜೊತೆ ಬೇರೆ ಬಾಡಿಗೆಯವರನ್ನೂ ಕೇಳಿದೆ. ತೆಗೆದು ನೋಡಿದವರದೆಲ್ಲ ಖಾಲಿ. ಬೇರೆ ಅಂಗಡಿಯಾಗಿದ್ದರೆ ಗೊತ್ತೇ ಆಗ್ತಿರಲಿಲ್ಲ, ಅಲ್ಲಿ ದಿನಾ ಅಳಿಸ್ತಾರೆ. ನೀವು ಅಳಿಸಲ್ಲ ಲಕ್ಷ್ಮೀಕಾಂತ್. ಅಳಿಸಿ ಗುರುತು ಮರೆಸಬಹುದಿತ್ತು. ನಿಮ್ಮ ಪದ್ಧತಿ ಬಿಡೋಕೆ ನಿಮಗೆ ಆಗಲಿಲ್ಲ.”

“ನಾನೇ ಅಂತಿಟ್ಕಳ್ರಿ. ಬಂಡೆ ಎಲ್ಲಿ? ನನ್ನ ಹತ್ರ ಕ್ಯಾಸೆಟ್ಟೇ ಇಲ್ಲ. ಗೋಡೆ ಮೇಲಿಂದೆಲ್ಲ ಹುಡ್ಕಳ್ರಿ.” ಅವನ ದನಿ ಶಾಂತವಾಗಿಯೇ ಇತ್ತು. ಆದರೆ ಅವನು ಮಾತಾಡುತ್ತ ಕಪಾಟಿನ ಕಡೆ ಎರಡು ಹೆಜ್ಜೆ ಇಟ್ಟಿದ್ದ. ಕುರ್ಚಿಯಲ್ಲಿ ಮುರುಗಪ್ಪ ಮೇಷ್ಟ್ರು ಕೂತಿದ್ದರು. ತಾವು ಯಾಕೆ ಅಲ್ಲಿ ಕೂತಿದ್ದೇವೆ ಎಂಬುದು ಅವರಿಗೆ ಆಗ ಹೊಳೆಯಿತು. ಅವರು ಕುರ್ಚಿಯನ್ನು ಇನ್ನಷ್ಟು ಹಿಂದಕ್ಕೆ ಒತ್ತಿದರು.

“ಕೆಟ್ಟು ಹೋದ ಸೆಟ್ಟಿಗೆ ಕೆಂಪು ದೀಪ ಯಾಕೆ ಉರೀತದೆ?” ಎಂದಳು ಶೋಭಾರಾಣಿ. “ನೀವು ಮಾರಿದೆ ಅಂದ ಕ್ಯಾಸೆಟ್ ಅದರೊಳಗಿದೆ. ಯಾರೂ ಮುಟ್ಟದಿರಲಿ ಅಂತ ಚೀಟಿ ಅಂಟಿಸಿದಿರಿ. ಶುಕ್ರವಾರ ಎಲ್ಲರೂ ಚಹಾ ಕುಡಿಯುವಾಗ ಲೆವೆಲ್ ನೋಡೋ ನೆಪದಲ್ಲಿ ಅದಕ್ಕೇ ವೈರು ಹಾಕಿದಿರಿ. ಶಿವಗಂಗಾ, ಹೋಗಿ ನೋಡಮ್ಮ.”

ಮೇಷ್ಟ್ರು ಕೂತಲ್ಲೇ ಕುರ್ಚಿಯನ್ನು ಪಕ್ಕಕ್ಕೆ ಸರಿಸಿದರು, ಹುಡುಗಿ ಕಪಾಟು ತೆರೆದಳು. ಪರದೆಯ ಮೇಲೆ ಉಡವೊಂದು ಬಾಲ ಅಲ್ಲಾಡಿಸುತ್ತಿತ್ತು.

“ಐತೆ,” ಎಂದಳು.

“ಯಾಕಣ್ಣಾ?” ಹೇಮಾವತಿ ಕೇಳಿದಳು.

ಶೋಭಾರಾಣಿ ಮುರುಗಪ್ಪನವರ ಕಡೆ ನೋಡಿ, “ಅದನ್ನ ಮೇಷ್ಟ್ರು ಹೇಳ್ತಾರೆ. ಪತ್ತೆ ಮಾಡಿದ್ದು ಅವರೇ,” ಎಂದಳು.

ಮುರುಗಪ್ಪನವರು ಕುರ್ಚಿಯಿಂದ ಏಳದೆಯೇ ಗೋಡೆಯ ಚೌಕಟ್ಟನ್ನು ತೋರಿಸಿದರು. “ಈ ಹುಡುಗಿಗೆ ಸೆಟ್ ಹಿಡಿಯೋದು ಕಲಿಸಿದೋರು ನೀವು. ಯಾರ ನೆರವೂ ಇಲ್ಲ ಅಂತ ಅವಳು ಹೇಳಿದ್ದನ್ನ ನೀವೇ ಗಾಜು ಹಾಕ್ಸಿ ನೇತು ಹಾಕ್ಕೊಂಡ್ರಿ. ಬಂದೋರೆಲ್ಲ ಓದ್ತಾರೆ. ನೀವು ಪಕ್ಕದಲ್ಲಿ ನಿಂತು ನಗ್ತೀರಿ. ದಿನಾ ನಗಬೇಕು. ಅದು ಬಹಳ ಕಷ್ಟ ಕಣಪ್ಪ. ನನಗೆ ಗೊತ್ತು.”

“ಹೆಸರು ಹೇಳದೆ ಇದ್ರೆ ಇರಲಿ ಸಾರ್,” ಎಂದ ಲಕ್ಷ್ಮೀಕಾಂತ ಕೊನೆಗೆ. ಅಚ್ಚುಕಟ್ಟಾದ ದನಿ ಒಡೆದಿತ್ತು. “ಉಡನ ಓಡ್ಸೋಕೆ ಹೋಗ್ಬೇಡ, ಅದು ದಡ್ಡರ ಕೆಲಸ ಅಂತ ಇವಳಿಗೆ ಹೇಳಿದ್ದೆ. ಎಲ್ಲರ ಮುಂದೆ ಬೈದಿದ್ದೆ. ಅದರಲ್ಲೇ ಗೆದ್ಲು. ಒಂದ್ಸಲ ಬಿದ್ರೆ ಉಡ ಉಡವೇ ಅಂತ ಗೊತ್ತಾಗ್ತದೆ ಅಂದ್ಕಂಡೆ. ಅದಲ್ಲ ಇದು ಅಂತ ಅತ್ರೂ ಯಾರು ನಂಬ್ತಾರೆ?” ಸ್ವಲ್ಪ ತಡೆದು ಅಂದ: “ಬಿಟ್ಟುಬಿಡಬೇಕು ಅಂತಾನೇ ಇದ್ದೆ. ಗುಂಡಿ ಮೇಲೆ ಬೆರಳಿಟ್ಟೆ, ಒತ್ತೋಕಾಗ್ಲಿಲ್ಲ. ಅಂಥಾದ್ದು ನನ್ನ ಕೈಲಿ ಒಂದೂ ಬೆಳೀಲಿಲ್ಲ. ಒಂದಿಷ್ಟು ಆಡಿ ನೋಡಾಣ ಅಂತ ಆಡ್ತಾ ಹೋದೆ.”

“ಆಡಿದ್ರಾ?” ಶಿವಗಂಗಾ ಥಟ್ಟನೆ ಪರದೆ ನೋಡಿದಳು. “ಐವತ್ತೊಂದು. ಲೆವೆಲ್ ಐವತ್ತೊಂದು ಆಗೈತೆ.”

ಅದರ ಅರ್ಥ ಈಗ ಮುರುಗಪ್ಪನವರಿಗೂ ತಿಳಿಯುತ್ತಿತ್ತು. ಬಂಡೆ ಸಿಕ್ಕಿತ್ತು. ಆದರೆ ಐವತ್ತು ದಾಟಿದ ಜೀವಿ ಪಂದ್ಯಕ್ಕೆ ಬರುವಂತಿರಲಿಲ್ಲ.

“ಬಿಡ್ರಿ ಕಾನೂನು. ನಾನು ಒಪ್ತೀನಿ, ತರ್ಲಿ ಅದನ್ನ,” ಎಂದ ಪ್ರಸನ್ನಕುಮಾರ.

“ನೀನು ಒಪ್ಪಿದ್ರೂ ನಾನು ತರಲ್ಲ,” ಎಂದಳು ಶಿವಗಂಗಾ. “ಗೆದ್ರೆ ನಾಳೆ ಅದಕ್ಕೂ ಒಂದು ಮಾತು ಬರುತ್ತೆ.” ಆಮೇಲೆ ಅವಳು ಬೆಂಚಿನ ಇನ್ನೊಂದು ತುದಿಗೆ ಸರಿದು ಕೇಳಿದಳು: “ಹೇಮಿ, ನಿನ್ನ ಮರಿ ನನ್ನ ಹತ್ರ ಐತೆ. ಲೆವೆಲ್ ಐವತ್ತು. ಭಾನುವಾರ ತಗೊಂಡು ಹೋಗ್ಲಾ?”

“ಅದು ಬಿದ್ದೋಗುತ್ತೆ ಕಣೆ.”

“ಬೀಳ್ಲಿ. ನೀನು ಪಕ್ಕದಾಗೆ ಕೂತ್ಕೊ. ಭುಜ ಮಾತ್ರ ಅಲ್ಲ, ಪೂರ್ತಿ ಕೂತ್ಕೊ.”

ಫೋಟೋದ ವಿಷಯ ಶಿವಗಂಗಾಳಿಗೂ ಗೊತ್ತಿತ್ತು ಎಂಬುದು ಹೇಮಾವತಿಗೆ ಆಗ ತಿಳಿಯಿತು. ಲಕ್ಷ್ಮೀಕಾಂತನಿಗೆ ಶಿವಗಂಗಾ ಹೇಳಿದ್ದು ಒಂದೇ ಮಾತು: “ಪೇಪರ್‌ನೋರು ಕೇಳಿದಾಗ ನಿಮ್ಮ ಹೆಸರು ಬಾಯಿಗೆ ಬಂದಿತ್ತು. ಬೇಕಂತಲೇ ನುಂಗ್ದೆ. ಎಲ್ಲಾ ನಂದೇ ಅಂತ ಅನ್ನಿಸ್ಕೊಬೇಕಿತ್ತು.” ಕ್ಷಮಿಸಿ ಎಂದು ಅವಳೂ ಹೇಳಲಿಲ್ಲ, ಅವನೂ ಹೇಳಲಿಲ್ಲ.

*

ಭಾನುವಾರ ಲೆವೆಲ್ ಪರೀಕ್ಷೆ ಮಾಡಿದ್ದು ಶೋಭಾರಾಣಿ. ಪಂದ್ಯ ಬಿಗಿಯಾಗಿತ್ತು. ಹೇಮಾವತಿಯ ಉಡ ಬೇಗನೆ ಬಿತ್ತು. ಉಳಿದ ಐದು ಜೀವಿಗಳನ್ನು ಗೆಳತಿಯರು ಪಿಸುಗುಡುತ್ತ ಒಂದೊಂದಾಗಿ ಆರಿಸಿ ಇಳಿಸಿದರು. ಇಬ್ಬರಿಗೂ ಒಂದೊಂದೇ ಜೀವಿ ಉಳಿದು, ಕೊನೆಗೆ ಪ್ರಸನ್ನಕುಮಾರ 2003ರ ಕಪ್ ಗೆದ್ದ. ಜನ ಚಪ್ಪಾಳೆ ತಟ್ಟಿದರು. ಗೆದ್ದವನ ಮುಖ ಮಾತ್ರ ಹುಳಿ ತಿಂದಂತಿತ್ತು.

ಅವನು ಕಪ್ಪನ್ನು ಗೊಲ್ಲಪ್ಪನ ಮಡಿಲಿಗೆ ಹಾಕಿ, ಶಿವಗಂಗಾಳ ಎದುರು ಮತ್ತೆ ಕೂತು, ವೈರಿನ ತುದಿ ಚಾಚಿದ.

“ಈಗ ಪಂದ್ಯ ಇಲ್ಲ, ಕಾನೂನು ಇಲ್ಲ. ಬಂಡೆ ತೆಗಿ.”

“ಕಪ್ ಸಿಕ್ತಲ್ಲೋ, ಇನ್ನೇನು?” ಎಂದ ಗೊಲ್ಲಪ್ಪ.

“ಕಪ್ ತಗೊಂಡು ನಿದ್ದೆ ಬರುತ್ತಾ? ತೆಗಿ ಅಂದ್ನಲ್ಲ!”

ಗುರುವಾರವೇ ಬೇರೊಂದು ಜೀವಿ ಕೊಟ್ಟು ಲಕ್ಷ್ಮೀಕಾಂತನ ಕ್ಯಾಸೆಟ್ಟಿನಿಂದ ವಾಪಸ್ ಪಡೆದಿದ್ದ ಬಂಡೆಯನ್ನು ಶಿವಗಂಗಾ ಇಳಿಸಿದಳು. ಹೋಗಲು ಎದ್ದಿದ್ದ ಜನ ಮತ್ತೆ ಮುತ್ತಿಕೊಂಡರು. ಲಕ್ಷ್ಮೀಕಾಂತ ಇಡೀ ದಿನ ಅಂಗಡಿಯ ಬಾಗಿಲ ಬಳಿಯೇ, ಒಳಗೂ ಅಲ್ಲ ಹೊರಗೂ ಅಲ್ಲ ಎಂಬಂತೆ ನಿಂತಿದ್ದ. ಮುರುಗಪ್ಪ ಮೇಷ್ಟ್ರು ಅವನ ಪಕ್ಕದಲ್ಲೇ ನಿಂತಿದ್ದರು. ಪ್ರಸನ್ನಕುಮಾರ ತನ್ನ ನೀರಿನ ಜೀವಿಯನ್ನು ಬಿಟ್ಟು ಹಳೆಯ ಉಡವನ್ನೇ ಇಳಿಸಿದ. ಎರಡು ಉಡಗಳು ಎದುರುಬದುರಾದವು.

“ಮೊದಲು ನುಗ್ಗಿಸು! ಕಾಯ್ಬೇಡ, ನುಗ್ಗಿಸೇ ಶಿವಿ!”

ಕೂಗಿದವನು ಲಕ್ಷ್ಮೀಕಾಂತ. ಕೂಗಿದ ಮೇಲೆ ತನ್ನ ದನಿಗೆ ತಾನೇ ಬೆಚ್ಚಿ ಬಾಯಿ ಮುಚ್ಚಿಕೊಂಡ. ಎಲ್ಲರೂ ತಿರುಗಿ ಅವನನ್ನು ನೋಡಿದರು.

ಶಿವಗಂಗಾ ತಿರುಗಲಿಲ್ಲ. ಅವಳು ನುಗ್ಗಿಸುವ ಗುಂಡಿಯನ್ನು ಆಗಲೇ ಒತ್ತಿಯಾಗಿತ್ತು.